ಕಾಫಿ ಮೂಟೆಗಳ ನಡುವೆ ಒಂದು ಗಣಿ ಊರು: ನನ್ನ ಅನುಭವ

ಚಿನ್ನದ ಗಣಿಯ ಊರಿನ ಮನೋವೈಜ್ಞಾನಿಕ ಥ್ರಿಲ್ಲರ್ ಒಂದನ್ನು ಸಿದ್ದಾಪುರದ ಕಾಫಿ ತೋಟದಲ್ಲಿ ಕುಳಿತು ಮಾಡುತ್ತೇನೆ, ಅದೂ ಬರಿಯ ಶಬ್ದದಲ್ಲಿ ಎಂದಾಗ ನಕ್ಕವರೇ ಹೆಚ್ಚು. ‘ಹೋಂಸ್ಟೇಯಲ್ಲಿ ಒಂದು ಕೊಲೆ ಮಾಡಿಸು, ಸ್ವಲ್ಪ ಮಂಜು ಬಿಡು, ಕೊಡಗಿನವರಿಂದ ಜನ ಅದನ್ನೇ ಬಯಸುತ್ತಾರೆ’ ಎಂದು ಮಡಿಕೇರಿಯ ರಂಗಭೂಮಿಯ ಗೆಳೆಯರು ಬುದ್ಧಿ ಹೇಳಿದರು. ಈಗ ಎಂಟು ಕಂತುಗಳೂ ಹೊರಬಂದಿವೆ, ಹಾಕಿದ ಹಣ ಹಿಂದಿರುಗಿದೆ, ನಕ್ಕವರಲ್ಲಿ ಇಬ್ಬರು ಮುಂದಿನ ಸರಣಿಯಲ್ಲಿ ಪಾತ್ರ ಕೇಳಿದ್ದಾರೆ. ಆದ್ದರಿಂದ ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ. ರೆಕಾರ್ಡರ್ ಹಿಡಿದು, ರೀಪರ್ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಟ್ರ್ಯಾಕ್ ಜೋಡಿಸಿ ಅಭ್ಯಾಸವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನನ್ನ ನಾಯಕ ವೈಂಡಿಂಗ್ ಎಂಜಿನ್ ಚಾಲಕ. ಗಣಿಬಾಯಿಯ ಪಕ್ಕದ ಎಂಜಿನ್ ಮನೆಯಲ್ಲಿ ಕುಳಿತು ಕಾರ್ಮಿಕರು ನಿಲ್ಲುವ ಪಂಜರವನ್ನು, ಅಂದರೆ ಕೇಜನ್ನು ಇಳಿಸುವವನು, ಏರಿಸುವವನು. ಒಮ್ಮೆ ಇಳಿಯತೊಡಗಿದ ಕೇಜ್ ಅವನ ಕಣ್ಣಿಗೆ ಬೀಳುವುದಿಲ್ಲ. ಆಳ ತೋರಿಸುವ ಮುಳ್ಳು ಮತ್ತು ಕೆಳಗಿನಿಂದ ಬರುವ ಗಂಟೆ, ಇವೆರಡನ್ನು ನಂಬಿಯೇ ಅವನು ಲಿವರ್ ಎಳೆಯಬೇಕು. ಚಲಿಸುವಾಗ ಒಂದು ಬಡಿತ ಬಂದರೆ ತಕ್ಷಣ ನಿಲ್ಲಿಸಬೇಕು. ಶಬ್ದನಾಟಕಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರ ಯಾವುದಿದೆ? ಊರು ಕಲ್ಪಿತ, ಆದರೆ ಅದರ ಮೂಳೆ ಕೋಲಾರ ಚಿನ್ನದ ಗಣಿಯದು. ಅಲ್ಲಿನ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒತ್ತಡ ತಾಳದೆ ಕೆಳಗೆ ಬಂಡೆ ಸಿಡಿದರೆ ಮೇಲಿನ ನೆಲವೇ ಅದುರುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನನ್ನ ಕಥೆ ಅಂಥದೊಂದು ಬೀಗ ಬೀಳುವ ಮುಂಚಿನ ಕೊನೆಯ ವಾರಗಳದ್ದು. ಯಾರನ್ನೂ ಇಳಿಸದ ಆಳದಿಂದ ರಾತ್ರಿ ಪಾಳಿಯಲ್ಲಿ ಗಂಟೆ ಬರುತ್ತದೆ. ಕೆಳಗೆ ಯಾರೋ ಇದ್ದಾರೆಯೇ, ಅಥವಾ ಚಾಲಕನ ತಲೆ ಕೆಟ್ಟಿದೆಯೇ?

ಮೊದಲ ಎರಡು ಕಂತುಗಳನ್ನು ಮೈಸೂರಿನ ಒಂದು ಸ್ಟುಡಿಯೋದಲ್ಲಿ ಮಾಡಿದೆವು. ಗಂಟೆಗೆ ಎಂಟುನೂರು ರೂಪಾಯಿ, ಜೊತೆಗೆ ಕಲಾವಿದರ ಓಡಾಟ, ಊಟ. ಸುಮಾರು ನಲವತ್ತು ಸಾವಿರ ಕೈಬಿಟ್ಟಿತು. ಅಲ್ಲಿನ ಎಂಜಿನಿಯರ್ ಎಲ್ಲರೂ ಮಾಡುವುದನ್ನೇ ಮಾಡಿದರು: ಭ್ರಮೆಯ ಗಂಟೆಗೆ ಉದ್ದನೆಯ ಪ್ರತಿಧ್ವನಿ, ಭ್ರಮೆಯ ಮಾತಿಗೆ ಗುಹೆಯ ಗುಂಯ್‌ಗಾಟ. ಕೇಳಿದವರೆಲ್ಲ ಮೂರನೇ ನಿಮಿಷಕ್ಕೇ ‘ಓ, ಇದು ಅವನ ತಲೆಯೊಳಗಿನದು’ ಎಂದು ಪತ್ತೆ ಮಾಡಿ ನಿರಾಳವಾದರು. ಥ್ರಿಲ್ಲರ್ ಕೇಳುವವನು ನಿರಾಳವಾದರೆ ಮುಗಿಯಿತು. ಆ ಎರಡು ಕಂತುಗಳನ್ನೂ ಎಸೆದೆ.

ದಾರಿ ಸಿಕ್ಕಿದ್ದು ಪರಿಚಿತ ಬೆಳೆಗಾರರೊಬ್ಬರ ಗೋದಾಮಿನಲ್ಲಿ. ಕೊಯ್ಲು ಮುಗಿದು, ಒಣಗಿದ ರೊಬಸ್ಟಾ ಚೆರಿಯ, ಅಂದರೆ ಕಾಫಿ ಹಣ್ಣಿನ ಮೂಟೆಗಳು ಛಾವಣಿಯವರೆಗೆ ಏರಿದ್ದವು. ನಡುವಿನ ಓಣಿಯಲ್ಲಿ ನಿಂತು ಮಾತನಾಡಿದರೆ ದನಿ ಬಾಯಿಂದ ಹೊರಬಿದ್ದು ಅಲ್ಲೇ ಸತ್ತುಹೋಗುತ್ತಿತ್ತು. ಗೋಣಿ, ಅದರೊಳಗೆ ಐವತ್ತು ಕಿಲೋ ಚೆರಿ, ಅದರ ಹಿಂದೆ ಮತ್ತೊಂದು ಗೋಣಿ. ಲಕ್ಷಗಟ್ಟಲೆ ಸುರಿದು ಕಟ್ಟುವ ಕೋಣೆಗೂ ಈ ಒಣತನ ಬರುವುದಿಲ್ಲ. ಆಗ ಹೊಳೆದದ್ದು ಇಷ್ಟು: ಪ್ರತಿಧ್ವನಿ ಬರಬೇಕಾದರೆ ಗೋಡೆ ಬೇಕು, ಜಾಗ ಬೇಕು. ತಲೆಯೊಳಗಿನ ಶಬ್ದಕ್ಕೆ ಗೋಡೆ ಎಲ್ಲಿಯದು? ಹಾಗಾಗಿ ನಿಜವಾದ ಶಬ್ದಗಳಿಗೆಲ್ಲ ಪ್ರತಿಧ್ವನಿ ಕೊಟ್ಟೆ, ಎಡಬಲಕ್ಕೆ ಹರಡಿದೆ. ಭ್ರಮೆಯದನ್ನು ಒಣಗಿದಂತೆಯೇ ನಟ್ಟ ನಡುವೆ, ಕಿವಿಗೆ ಅಂಟಿಸಿ ಇಟ್ಟೆ. ಸುಳ್ಳು ಶಬ್ದವೇ ನಿಜಕ್ಕಿಂತ ಸ್ಪಷ್ಟವಾಗಿ, ಹತ್ತಿರವಾಗಿ ಕೇಳಿತು. ‘ಕೇಳುಗರಿಗೆ ಗೊಂದಲವಾಗುತ್ತದೆ’ ಎಂದು ಎಂಜಿನಿಯರ್ ಎಚ್ಚರಿಸಿದರು. ನನಗೆ ಬೇಕಾಗಿದ್ದೂ ಅದೇ. ಆರನೇ ಕಂತಿನಲ್ಲಿ ನಿಯಮವನ್ನು ತಿರುಗಿಸಿದ್ದೇನೆ. ಎಲ್ಲಿ, ಯಾವ ಮಾತಿನ ನಡುವೆ ತಿರುಗಿಸಿದೆ ಎಂದು ಹೇಳುವುದಿಲ್ಲ. ಇದುವರೆಗೆ ಹಿಡಿದವರು ಒಬ್ಬರೇ, ಅವರು ಪಿಯಾನೋ ಶ್ರುತಿ ಮಾಡುವವರು.

ಗೋದಾಮಿನಲ್ಲಿ ಕೆಲಸ ಮಾಡುವುದು ಸುಲಭವಿರಲಿಲ್ಲ. ಸಂಜೆಯ ಜೀರುಂಡೆ ಐದಾರು ಸಾವಿರ ಹರ್ಟ್ಜ್ ಸುತ್ತ ಕೊರೆಯುತ್ತದೆ. ಅದನ್ನು ಕತ್ತರಿಸಿದರೆ ಸಕಾರ ಶಕಾರಗಳೂ ಹೋಗುತ್ತವೆ. ರಾತ್ರಿ ಒಂದರಿಂದ ನಾಲ್ಕರವರೆಗೆ ಮಾತ್ರ ರೆಕಾರ್ಡ್ ಮಾಡಿದೆವು. ಆ ಹೊತ್ತಿನಲ್ಲಿ ತೋಟದಲ್ಲಿ ಆನೆ ಓಡಾಡುತ್ತದೆ. ಕಲಾವಿದರನ್ನು ಜೀಪಿನಲ್ಲೇ ಕರೆತಂದು ಬೆಳಗಾಗುವವರೆಗೆ ಅಲ್ಲೇ ಉಳಿಸಿಕೊಳ್ಳಬೇಕು. ರಾತ್ರಿಗೆ ತಲಾ ಸಾವಿರದ ಐನೂರು, ಮೇಲೆ ಕಡಂಬಿಟ್ಟು ಪಂದಿಕರಿ. ಸಂಭಾವನೆ ಕಡಿಮೆಯಾಯಿತೆಂದು ಗೊಣಗಿದವರಿದ್ದಾರೆ, ಊಟದ ಬಗ್ಗೆ ಯಾರೂ ಗೊಣಗಲಿಲ್ಲ.

ದೊಡ್ಡ ಹೊಡೆತ ಬಿದ್ದದ್ದು ಮಾರುಕಟ್ಟೆಯಿಂದ. 2024ರಲ್ಲಿ ರೊಬಸ್ಟಾ ಬೆಲೆ ಹೇಗೆ ಏರಿತು ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಕಂತು ಅರ್ಧದಲ್ಲಿರುವಾಗ ಬೆಳೆಗಾರರು ಲಾರಿ ಕರೆಸಿದರು. ಒಂದೇ ಮಧ್ಯಾಹ್ನದಲ್ಲಿ ನನ್ನ ಸ್ಟುಡಿಯೋದ ಗೋಡೆಗಳು ಮಾರಾಟವಾಗಿ ಹೋದವು. ಅವರನ್ನು ದೂರುವುದು ಹೇಗೆ? ನಾನಾಗಿದ್ದರೂ ಮಾರುತ್ತಿದ್ದೆ. ಬರಿದಾದ ಗೋದಾಮು ಡಬ್ಬದಂತೆ ಮೊಳಗತೊಡಗಿತು. ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ಪೇರಿಸಿ ನೋಡಿದೆ. ಹಗುರ, ಕೆಳದನಿಯನ್ನು ತಡೆಯಲಿಲ್ಲ, ದೂಳಿಗೆ ಎಲ್ಲರಿಗೂ ಸೀನು. ಬೆಲೆ ಇನ್ನೂ ಏರುತ್ತದೆ ಎಂದು ಹಟ ಹಿಡಿದು ಮಾಲು ಮಾರದೆ ಕುಳಿತವರನ್ನು ಅಮ್ಮತ್ತಿಯ ಕಡೆ ಹುಡುಕಿಕೊಂಡು ಹೋಗಿ ಉಳಿದದ್ದನ್ನು ಮುಗಿಸಿದೆ. ಅವರ ದುರಾಸೆ ನನಗೆ ವರವಾಯಿತು. ಮುಂಗಾರು ಹಿಡಿದರೆ ಜಿಂಕ್ ಶೀಟಿನ ಕೆಳಗೆ ಏನೂ ಸಾಧ್ಯವಿಲ್ಲ. ಹಾಗಾಗಿ ಕೊಯ್ಲಿಗೂ ಮಳೆಗೂ ನಡುವೆ ಸಿಗುವಷ್ಟೇ ಅವಧಿ.

ಗಣಿಯ ಸದ್ದುಗಳನ್ನೆಲ್ಲ ಇಲ್ಲೇ ಹುಡುಕಿದೆ. ಬಂಡೆ ಕೊರೆಯುವ ಯಂತ್ರಕ್ಕೆ ಬೋರ್‌ವೆಲ್ ಲಾರಿ: ಎರಡೂ ಒತ್ತಿದ ಗಾಳಿಯಿಂದಲೇ ಬಡಿಯುವುದರಿಂದ ವೇಗ ತಗ್ಗಿಸಿದರೆ ಸಾಕು. ಕೇಜಿನ ಬಾಗಿಲಿಗೆ ಹಳೆಯ ಜೀಪಿನ ಹಿಂಬದಿ, ಹೆಜ್ಜೆಗೆ ಜಲ್ಲಿಯ ಮೇಲೆ ಗಂಬೂಟು. ಗಂಟೆಗೆ ಸೈಕಲ್ ಬೆಲ್‌ನಿಂದ ದೇವಸ್ಥಾನದ ಗಂಟೆಯವರೆಗೆ ಎಲ್ಲವೂ ಸೋತು, ಕೊನೆಗೆ ಶಾಲೆಯಲ್ಲಿ ನೇತುಹಾಕುವ ರೈಲು ಕಂಬಿಯ ತುಂಡು ಒದಗಿತು. ಬಂಡೆ ಸಿಡಿಯುವ ಸದ್ದು ಎಲ್ಲರೂ ಕೇಳುವ ಪ್ರಶ್ನೆ. ಅದು ಅಡುಗೆಮನೆಯಲ್ಲಿ ಹುಟ್ಟಿದ್ದು ಎಂದಷ್ಟೇ ಹೇಳಬಲ್ಲೆ.

ಸುರಂಗದ ಪ್ರತಿಧ್ವನಿಗಾಗಿ ಒಂದು ಪ್ರಯೋಗ ಮಾಡಿದೆ. ಖಾಲಿ ನೀರಿನ ಟ್ಯಾಂಕಿನೊಳಗೆ ಆನೆ ಓಡಿಸುವ ಪಟಾಕಿ ಹಚ್ಚಿ, ಆ ಒಂದು ಸದ್ದಿನಿಂದ ಟ್ಯಾಂಕಿನ ಇಂಪಲ್ಸ್, ಅಂದರೆ ಅದರ ಪ್ರತಿಧ್ವನಿಯ ಅಚ್ಚು ಹಿಡಿಯುವುದು ನನ್ನ ಯೋಜನೆ. ಸದ್ದು ರೆಕಾರ್ಡರ್‌ನ ಮಿತಿ ಮೀರಿ ಒಡೆಯಿತು. ಅಷ್ಟರಲ್ಲಿ ಅಕ್ಕಪಕ್ಕದವರು ಟಾರ್ಚು, ಕೋವಿ ಹಿಡಿದು ‘ಎಷ್ಟು ಇವೆ, ಮರಿ ಇದೆಯಾ’ ಎಂದು ಓಡಿಬಂದರು. ಮರುದಿನ ಬಲೂನು ಒಡೆದು ಕೆಲಸ ಮುಗಿಸಿದೆ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಆಸೆಯನ್ನೂ ಬಿಡಬೇಕಾಯಿತು. 1965ರಲ್ಲಿ ಕೋಲಾರದ ಗಣಿಯ ಆಳದಲ್ಲಿ ಭೌತವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತು ಹಿಡಿದಿದ್ದರು. ಯಾರಿಗೂ ಕೇಳಿಸದ್ದಕ್ಕಾಗಿ ಕತ್ತಲಲ್ಲಿ ಕಾಯುವ ವಿಜ್ಞಾನಿ ನನ್ನ ಚಾಲಕನಿಗೆ ಸರಿಯಾದ ಜೋಡಿಯಾಗುತ್ತಿದ್ದ. ಆದರೆ ಅವನು ಬಂದ ಕಂತಿನಲ್ಲೆಲ್ಲ ಕಥೆ ಪಾಠವಾಗತೊಡಗಿತು. ತೆಗೆದುಹಾಕಿದೆ.

ಕೆಮ್ಮು ಮಾತ್ರ ಉಳಿಯಿತು. ಕಲ್ಲಿನ ದೂಳು ಕುಡಿದ ಗಣಿಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಹಿಡಿಯುತ್ತದೆ. ಚಾಲಕನು ಕತ್ತಲಲ್ಲಿ ಜನರನ್ನು ಅವರವರ ಕೆಮ್ಮಿನಿಂದಲೇ ಗುರುತಿಸುತ್ತಾನೆ. ಕೇಜಿನಲ್ಲಿ ಇರಬೇಕಾದದ್ದಕ್ಕಿಂತ ಒಂದು ಕೆಮ್ಮು ಹೆಚ್ಚಿಗೆ ಇದೆ ಎಂಬುದೇ ಐದನೇ ಕಂತಿನ ತಿರುವು. ನಟರು ಕೆಮ್ಮಿದರೆ ನಾಟಕವೆಂದು ತಿಳಿಯುತ್ತದೆ. ಬೀಡಿ ಸೇದುವ ನಿವೃತ್ತ ಡ್ರೈವರ್ ಒಬ್ಬರನ್ನು ಸುಂಟಿಕೊಪ್ಪದಿಂದ ಕರೆತಂದೆ. ಮನೆಯಲ್ಲಿ ತಮಿಳು ಆಡುವ ಅವರ ಕನ್ನಡಕ್ಕೆ ಗಣಿ ಊರಿನ ಲಯವೂ ತಾನಾಗಿ ಬಂತು.

ಒಟ್ಟು ಖರ್ಚು, ಎಸೆದ ಕಂತುಗಳೂ ಸೇರಿ, ಒಂದೂವರೆ ಲಕ್ಷದ ಆಸುಪಾಸು. ಒಂದು ಕಂಪನಿ ಹಿನ್ನೆಲೆ ಸಂಗೀತ ಹಾಕಿ, ಕೊನೆಯಲ್ಲಿ ದೆವ್ವವನ್ನು ತೋರಿಸಿದರೆ ಕೊಳ್ಳುತ್ತೇವೆ ಎಂದಿತು. ದೆವ್ವವನ್ನು ಕಿವಿಗೆ ತೋರಿಸುವುದು ಹೇಗೆಂದು ಕೇಳಿದೆ, ಉತ್ತರ ಬರಲಿಲ್ಲ. ಇನ್ನೊಬ್ಬರು ಇದ್ದ ಹಾಗೆಯೇ ತೊಂಬತ್ತು ಸಾವಿರಕ್ಕೆ ಕೊಂಡರು. ಉಳಿದದ್ದು ದೀಪ ಆರಿಸಿ ಸಭಾಂಗಣಗಳಲ್ಲಿ ಕೇಳಿಸಿದ ಪ್ರದರ್ಶನಗಳಿಂದ ಬಂತು, ತಲಾ ನೂರೈವತ್ತು ರೂಪಾಯಿ. ಗೋಣಿಕೊಪ್ಪದಲ್ಲಿ ಮಧ್ಯೆ ವಿದ್ಯುತ್ ಹೋಗಿ ಸ್ಪೀಕರ್ ಸತ್ತಾಗಲೂ ಜನ ಅಲುಗದೆ ಕುಳಿತಿದ್ದರು, ಅದೂ ಕಥೆಯ ಭಾಗವೆಂದುಕೊಂಡು. ಜನರೇಟರ್ ಹಾಕಿಸಲು ನಾನೇನೂ ಅವಸರ ಮಾಡಲಿಲ್ಲ.