ಡೀಬಗ್ ಮ್ಯಾಕ್ರೋಗೆ ಬೇಲಿ ಹಾಕಿದೆ: ನನ್ನ ಅನುಭವ

ಡೀಬಗ್ ಬಿಲ್ಡ್‌ನಲ್ಲಷ್ಟೇ ಕಂಡಿಷನ್ ಪರೀಕ್ಷಿಸೋ ಚೆಕ್ ಮ್ಯಾಕ್ರೋ ಒಳಗೆ ನಿಜವಾದ ಕೆಲಸ ಮಾಡೋ ಕೋಡ್ ನುಸುಳದಂತೆ ಕಂಪೈಲರ್‌ನಿಂದಲೇ ತಡೆಯೋಕೆ ಹೊರಟಿದ್ದೆ. "ಇದು ಕಂಪೈಲರ್ ಕೈಲಿ ಆಗೋ ಕೆಲಸ ಅಲ್ಲ, ರಿವ್ಯೂನಲ್ಲೇ ಹಿಡೀಬೇಕು" ಅಂತ ಟೀಮಿನಲ್ಲಿ ಎಲ್ಲರೂ ಅಂದಿದ್ದರು. ಈಗ ಅವರ ಲಿನಕ್ಸ್ ಡ್ರೈವರ್‌ಗಳಲ್ಲೂ ನನ್ನ ಮ್ಯಾಕ್ರೋನೇ ಇದೆ.

ಕಾಟ ಹಳೇದೇ. ನಮ್ಮ ಕೈಗೆ ಬಂದ ಡ್ರೈವರ್‌ನಲ್ಲಿ ಯಾರೋ ಚೆಕ್ ಮ್ಯಾಕ್ರೋ ಒಳಗೇ ಬಫರ್‌ನ ರೆಫರೆನ್ಸ್ (ಎಷ್ಟು ಜನ ಬಳಸುತ್ತಿದ್ದಾರೆ ಅನ್ನೋ ಲೆಕ್ಕ, ಸೊನ್ನೆಯಾದರೆ ಮೆಮೊರಿ ಬಿಡುಗಡೆ) ಇಳಿಸಿದ್ದರು. ಡೀಬಗ್ ಬಿಲ್ಡ್ ಚೆನ್ನಾಗಿ ಓಡುತ್ತಿತ್ತು. ರಿಲೀಸ್‌ನಲ್ಲಿ ಮ್ಯಾಕ್ರೋ ಖಾಲಿ. ರೆಫರೆನ್ಸ್ ಇಳಿಯುತ್ತಿರಲಿಲ್ಲ, ಮೆಮೊರಿ ಸೋರಿ ಸೋರಿ ಕೆಲವೇ ದಿನದಲ್ಲಿ ಬೋರ್ಡ್ ಮಲಗುತ್ತಿತ್ತು. ಬೋರ್ಡ್‌ಗಳನ್ನು ವಾಪಸ್ ತರಿಸಿದ ಕೊರಿಯರ್ ಖರ್ಚೇ 40 ಸಾವಿರದ ಹತ್ತಿರ. ಬರೆದವರನ್ನೂ ಪೂರ್ತಿ ಬೈಯೋಕಾಗಲ್ಲ. ಲಿನಕ್ಸ್ ಕರ್ನಲ್‌ನದೇ ಚೆಕ್ ಮ್ಯಾಕ್ರೋಗಳಲ್ಲಿ ಬಗ್_ಆನ್ ಆದರೆ ಕಾನ್ಫಿಗ್‌ನಲ್ಲಿ ಆಫ್ ಮಾಡಿದರೂ ಕಂಡಿಷನ್ ಓಡುತ್ತೆ, ವಿಎಂ_ಬಗ್_ಆನ್ ಓಡಲ್ಲ. ಯಾರಿಗೆ ನೆನಪಿರುತ್ತೆ?

ಮೊದಲು ಕೋಡ್‌ನಲ್ಲಿ ಪದ ಹುಡುಕುವ ಗ್ರೆಪ್ ಸ್ಕ್ರಿಪ್ಟ್ ಬರೆದೆ. ಫಂಕ್ಷನ್ ಒಳಗೆ ಅಡಗಿದ್ದೆಲ್ಲ ತಪ್ಪಿಸಿಕೊಂಡಿತು, ಬಿಸಾಕಿದೆ. ಆಮೇಲೆ ಕರ್ನಲ್‌ನಲ್ಲೇ ಇರೋ ಸೈಜ್‌ಆಫ್ ವಿಧಾನ: ಕಂಡಿಷನ್ ಓಡಿಸದೆ ಬರೀ ಅದರ ಟೈಪಿನ ಅಳತೆ ಕೇಳೋದು. ಟೈಪ್ ಚೆಕ್ ಉಳಿಯಿತು, ಕೋಡ್ ಬೆಳೆಯಲಿಲ್ಲ. ಆದರೆ ಸೈಜ್‌ಆಫ್ ಒಳಗೆ ಪ್ಲಸ್-ಪ್ಲಸ್ (ಬೆಲೆಗೆ ಒಂದು ಸೇರಿಸೋದು) ಕಂಡರೆ ಕ್ಲ್ಯಾಂಗ್ ಕಂಪೈಲರ್ ಬೈಯುತ್ತೆ, ಫಂಕ್ಷನ್ ಕರೆದರೆ ಸುಮ್ನೆ ಇರುತ್ತೆ. ಇನ್ನೊಂದು ಕಂಪೈಲರ್ ಜಿಸಿಸಿ ಎರಡಕ್ಕೂ ಸುಮ್ನೆ.

ಕೊನೆಗೆ ಕೈ ಹಿಡಿದದ್ದು ಕ್ಲ್ಯಾಂಗ್‌ನ ಬಿಲ್ಟಿನ್ ಅಸ್ಯೂಮ್, ಅಂದರೆ 'ಈ ಕಂಡಿಷನ್ ನಿಜ ಅಂದುಕೋ' ಅಂತ ಕಂಪೈಲರ್‌ಗೆ ಹೇಳೋ ಸೌಲಭ್ಯ. ಕೊಟ್ಟ ಕಂಡಿಷನ್‌ಗೆ ಸೈಡ್ ಎಫೆಕ್ಟ್ (ಪರೀಕ್ಷೆಯ ಜೊತೆಗೆ ಬೇರೇನನ್ನಾದರೂ ಬದಲಿಸೋದು) ಇರಬಹುದು ಅನಿಸಿದರೆ ಸಾಕು, ವಾರ್ನಿಂಗ್ ಕೊಡುತ್ತೆ. ಅದನ್ನು ಎಂದೂ ಓಡದ 'ಇಫ್ ಸೊನ್ನೆ' ಒಳಗಿಟ್ಟು, ಆ ವಾರ್ನಿಂಗ್ ಒಂದನ್ನೇ ಎರರ್ ಮಾಡಿದೆ. ಮೊದಲ ಬಿಲ್ಡ್‌ಗೇ 200ರ ಆಸುಪಾಸು ಎರರ್! ಎಲ್ಲರೂ ನಕ್ಕರು. ಜಾಸ್ತಿ ಪಾಲು ಕರ್ನಲ್‌ನಲ್ಲಿ ಬೆಲೆ ಓದೋಕೆ ಬಳಸೋ ರೀಡ್_ಒನ್ಸ್‌ನದು, ಅದು ವೊಲಟೈಲ್ ಅಲ್ವಾ, ಅಂಥ ಓದನ್ನೂ ಕಂಪೈಲರ್ ಸೈಡ್ ಎಫೆಕ್ಟ್ ಅಂತಲೇ ಎಣಿಸುತ್ತೆ. ಬರೀ ಓದುವ ಚಿಕ್ಕ ಫಂಕ್ಷನ್‌ಗಳಿಗೆ ಪ್ಯೂರ್ (ಇದಕ್ಕೆ ಸೈಡ್ ಎಫೆಕ್ಟ್ ಇಲ್ಲ) ಅನ್ನೋ ಗುರುತು ಹಾಕುತ್ತಾ ಹೋದೆ. ಎರರ್ ಹೋಗಲಿ ಅಂತ ಸಿಕ್ಕಸಿಕ್ಕದ್ದಕ್ಕೆಲ್ಲ ಹಾಕಬೇಡಿ, ಕೋಡ್ ಚುರುಕು ಮಾಡೋ ಆಪ್ಟಿಮೈಸರ್ ಅದನ್ನು ನಂಬಿಬಿಡುತ್ತೆ. ರೀಡ್_ಒನ್ಸ್‌ಗೆ ಬೇರೆ ಉಪಾಯ ಮಾಡಿಕೊಂಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಗದ್ದಲವೆಲ್ಲ ಕಳೆದ ಮೇಲೆ ಐದಾರು ನಿಜವಾದ ಬಗ್ ಉಳಿದವು. ಅದರಲ್ಲೊಂದು ಲಾಕ್ ಬಿಡುವುದನ್ನೇ ಚೆಕ್ ಒಳಗೆ ಹಾಕಿತ್ತು.

ಪ್ರಾಡಕ್ಟ್ ಈಗಲೂ ಜಿಸಿಸಿಯಲ್ಲೇ. ಕ್ಲ್ಯಾಂಗ್ ಬಿಲ್ಡ್ ರಾತ್ರಿ ಹೊತ್ತು ಬರೀ ಕಾವಲಿಗೆ, ಕ್ಲೌಡ್ ಬಾಡಿಗೆ ತಿಂಗಳಿಗೆ ಮೂರ್ನಾಲ್ಕು ಸಾವಿರ.

ಇನ್ನೊಂದು ಚೂರು ಕೈಚಳಕ. ಕರ್ನಲ್‌ನ ಇನ್ನೊಂದು ಚೆಕ್ ಮ್ಯಾಕ್ರೋ ವಾರ್ನ್_ಆನ್ ಬೆಲೆ ವಾಪಸ್ ಕೊಡುತ್ತೆ, ಹಾಗಾಗಿ ಅದನ್ನು ಇಫ್ ಒಳಗೆ ಬರೆಯೋದು ಎಲ್ಲರಿಗೂ ರೂಢಿ. ನಮ್ಮದನ್ನೂ ಹಾಗೇ ಬರೆದರೆ ರಿಲೀಸ್‌ನಲ್ಲಿ ಸುಧಾರಿಸಿಕೊಳ್ಳುವ ಕೋಡೇ ಮಾಯ. ಅದಕ್ಕೆ ನಮ್ಮ ಮ್ಯಾಕ್ರೋನ ವಾಯ್ಡ್ (ಬೆಲೆಯನ್ನೇ ಕೊಡದ್ದು) ಮಾಡಿಬಿಟ್ಟೆ. ಇಫ್ ಒಳಗೆ ಹಾಕಿದರೆ ಕಂಪೈಲೇ ಆಗಲ್ಲ. ಇಬ್ಬರು ಗೊಣಗಿದರು, ಆಮೇಲೆ ಅವರೇ ತಮ್ಮ ಡ್ರೈವರ್‌ಗೂ ಕೇಳಿಕೊಂಡು ಬಂದರು.