ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಒಂದು ವ್ಯಾಪಾರ ಪೂರ್ತಿ ನೋಡುವುದು ಹೇಗೆ?

ದೊಡ್ಡ ಹೋರಿಯ ಪಕ್ಕ ನಿಂತು ಸೆಲ್ಫಿ, ಆಮೇಲೆ ಒಂದು ಪೊಟ್ಟಣ ಕಡ್ಲೆಪುರಿ. ಮೊದಲ ಸಲ ದನಗಳ ಜಾತ್ರೆಗೆ ಹೋದಾಗ ನಾನು ಮಾಡಿದ್ದು ಇಷ್ಟೇ. ನೀವು ಹಾಗೆ ಮಾಡಬೇಡಿ. ಒಂದೇ ಒಂದು ಜೋಡಿ ಎತ್ತು ಆರಿಸಿಕೊಳ್ಳಿ, ಅದು ಮಾರಾಟವಾಗುವ ತನಕ ಜಾತ್ರೆ ಬಿಟ್ಟು ಹೊರಡಬೇಡಿ.

ಚುಂಚನಕಟ್ಟೆ ಜಾತ್ರೆ ಸಂಕ್ರಾಂತಿ ಆಸುಪಾಸಿನಲ್ಲಿ ನಡೆಯುತ್ತದೆ. ಸುಗ್ಗಿ ಮುಗಿದು ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ತಾರೀಕು ಊರಿನವರನ್ನು ಕೇಳಿಕೊಂಡು ಹೊರಡಿ. ತೇರಿನ ದಿನ ಮಾತ್ರ ಬೇಡ. ಅವತ್ತು ಜನ ಜಾಸ್ತಿ, ದನ ಕಡಿಮೆ.

ಮೈಸೂರಿನಿಂದ ಕೆ.ಆರ್. ನಗರದ ಮೇಲೆ ಸುಮಾರು 55 ಕಿ.ಮೀ. ಬೆಳಗ್ಗೆ ಐದಕ್ಕೇ ಬಿಡಿ. ಚಳಿಯಲ್ಲಿ ರೈತರು ದನದ ಮೈ ಉಜ್ಜುತ್ತಾ, ಹಿಂಡಿ ಬೂಸಾ ಕಲಸುತ್ತಾ ಇರುತ್ತಾರೆ. ಮಾತಿಗೆ ಸಿಗುವುದು ಆಗಲೇ. ಹಳೇ ಚಪ್ಪಲಿ ಹಾಕಿಕೊಳ್ಳಿ, ಸಗಣಿ ಗಂಜಳ ತಪ್ಪಿದ್ದಲ್ಲ. ದನದ ಹಿಂದೆ ನಿಲ್ಲಬೇಡಿ. ಮುಟ್ಟುವ ಮೊದಲು "ಯಜಮಾನ್ರೇ, ಹಾಯ್ತವಾ?" ಅಂತ ಕೇಳಿ.

ಇಲ್ಲಿ ಹೆಚ್ಚಿಗೆ ಕಾಣುವುದು ಹಳ್ಳಿಕಾರ್. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬೂದುಬಿಳಿ ಮೈ, ಉದ್ದ ಮುಖ. 2000ದಲ್ಲಿ ಅಂಚೆ ಚೀಟಿ ಮೇಲೂ ಬಂದ ತಳಿ ಇದು.

ಈಗ ಹಲ್ಲು, ದನದ ವಯಸ್ಸು ತಿಳಿಯುವುದು ಇದರಿಂದ. ವ್ಯಾಪಾರದ ಅರ್ಧ ಮಾತು ಬಾಯೊಳಗೇ ಇದೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕೆಳಗೆ ಎಂಟು. ಎಲ್ಲವೂ ಸಣ್ಣದಾಗಿದ್ದರೆ ಹಾಲುಹಲ್ಲು. ಎರಡು ವರ್ಷದ ಹೊತ್ತಿಗೆ ನಡುವಿನ ಎರಡು ಉದುರಿ ಅಗಲ ಹಲ್ಲು ಬರುತ್ತವೆ, ಅದು 'ಎರಡು ಹಲ್ಲು'. ಆಮೇಲೆ ನಾಲ್ಕು, ಆರು. ನಾಲ್ಕು ವರ್ಷ ದಾಟಿದ ಮೇಲೆ ಎಂಟೂ ಬಂದರೆ 'ಬಾಯಿ ಕೂಡಿದೆ' ಅನ್ನುತ್ತಾರೆ. ಯಜಮಾನರನ್ನೇ ಬಾಯಿ ತೆರೆದು ತೋರಿಸಿ ಅನ್ನಿ. ಖುಷಿಯಾಗಿ ತೋರಿಸುತ್ತಾರೆ.

ಕೊಳ್ಳಲು ಬಂದವರು ಆಮೇಲೆ ಗೊರಸು ನೋಡುತ್ತಾರೆ, ನಡೆಸಿ ನೋಡುತ್ತಾರೆ, ಮೈಮೇಲಿನ ಕೂದಲಿನ ಸುಳಿ ಹುಡುಕುತ್ತಾರೆ. ಸುಳಿಯ ಶಕುನದ ಮೇಲೆ ನನಗೆ ನಂಬಿಕೆ ಇಲ್ಲ. ಆದರೆ ಒಂದು ಸುಳಿಯಿಂದ ಬೆಲೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ!

ದಲ್ಲಾಳಿ ಬಂದನೆಂದರೆ ಹತ್ತಿರ ಸರಿಯಿರಿ, ಮಾತಾಡಬೇಡಿ. ಟವೆಲ್ ಕೆಳಗೆ ಕೈಗೆ ಕೈ ಸೇರುತ್ತದೆ. ಎಷ್ಟು ಬೆರಳು ಹಿಡಿದರೆ ಎಷ್ಟು ಬೆಲೆ ಅಂತ ಅವರಿಬ್ಬರಿಗೇ ಗೊತ್ತು. ನಮಗೆ ಕಾಣುವುದು ಮುಖ ಮಾತ್ರ. ಒಬ್ಬ ಕೈ ಕೊಡವಿ ಎದ್ದು ಹೋಗುತ್ತಾನೆ, ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬರುತ್ತಾನೆ. ಇದು ಗಂಟೆಗಟ್ಟಲೆ ಎಳೆಯಬಹುದು.

ಆ ನಡುವೆ ಊಟ ಮುಗಿಸಿ, ಕಾವೇರಿ ಧುಮುಕುವ ಜಾಗ ನೋಡಿ, ಕೋದಂಡರಾಮನ ಗುಡಿಗೆ ಹೋಗಿಬನ್ನಿ. ಇಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ. ಬೇಗ ಬನ್ನಿ, ವ್ಯಾಪಾರ ಕುದುರಿಬಿಟ್ಟೀತು.

ಹೋದ ಸಲ ನಾನು ಕಾದ ಜೋಡಿ ಸಂಜೆ ನಾಲ್ಕಕ್ಕೆ ಕುದುರಿತು. ಕೊಂಡವರು ಹೊಸ ಮೂಗುದಾರ, ಗೆಜ್ಜೆ ತಂದು ಕಟ್ಟಿದರು. ಮಾರಿದ ಅಜ್ಜ ದುಡ್ಡನ್ನು ಎರಡು ಸಲ ಎಣಿಸಿ ಒಳಜೇಬಿಗಿಟ್ಟ. ಆಮೇಲೆ ಹಳೇ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಟೆಂಪೋ ಹತ್ತಿದ ಎತ್ತುಗಳ ಕಡೆ ತಿರುಗಿ ನೋಡದೆ ಬಸ್ಸಿನ ಕಡೆ ನಡೆದ.