ಬಲಗಡೆಯ ಪುಟ

ನಾನು ಗಂಗಾವತಿಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಮೊದಲು ಇಪ್ಪತ್ತು ರೊಟ್ಟಿಗೆ ಒಂದು ಕಟ್ಟು ಮಾಡಿ ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆ. ವಾರಕ್ಕೊಮ್ಮೆ ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಪೇಪರ್ ಬರುತ್ತಿತ್ತು. ಮನೆಗೆ ದಿನಾ ಪತ್ರಿಕೆ ಹಾಕಿಸುವ ರೂಢಿ ನಮಗಿರಲಿಲ್ಲ. ಹಾಗಾಗಿ ನಾನು ಓದಿದ್ದೆಲ್ಲ ಹಳೆ ಸುದ್ದಿ. ಮೂರು ತಿಂಗಳು ಹಳೆಯದು, ಕೆಲವೊಮ್ಮೆ ಒಂದು ವರ್ಷ ಹಳೆಯದು.

ಹಳೆ ಸುದ್ದಿ ಓದುವಾಗ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಆಮೇಲೆ ಏನಾಯಿತು?

2022ರಲ್ಲಿ ಒಂದು ದಿನ ರೊಟ್ಟಿ ಸುತ್ತುವಾಗ ಸಣ್ಣ ಪ್ರಕಟಣೆ ಕಣ್ಣಿಗೆ ಬಿತ್ತು. 'ಬಾಲಕ ಕಾಣೆಯಾಗಿದ್ದಾನೆ.' ಪಕ್ಕದ ಜಿಲ್ಲೆಯ ಹುಡುಗ, ನನ್ನ ಮಗನ ವಯಸ್ಸಿನವನು. ನೀಲಿ ಅಂಗಿ, ಖಾಕಿ ಚಡ್ಡಿ ಅಂತ ಬರೆದಿತ್ತು. ಪೇಪರ್ ಏಳು ತಿಂಗಳು ಹಳೆಯದು. ಆ ಹಾಳೆಯಲ್ಲಿ ರೊಟ್ಟಿ ಸುತ್ತಲು ಕೈ ಬರಲಿಲ್ಲ. ಕತ್ತರಿಸಿ ದೇವರ ಗೂಡಿನ ಹತ್ತಿರ ಇಟ್ಟೆ. ನಾಲ್ಕು ದಿನ ಯೋಚಿಸಿ, ಐದನೇ ದಿನ ಅದರಲ್ಲಿದ್ದ ಠಾಣೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಹೆಸರು ಕೇಳಿ, ಸ್ವಲ್ಪ ಹೊತ್ತು ಹುಡುಕಿ, 'ಆ ಹುಡುಗ ಎರಡೇ ವಾರದಲ್ಲಿ ಮನಿಗೆ ಬಂದಾನ್ರೀ ಅಕ್ಕಾರ' ಅಂದರು. ನಾನು ಅಲ್ಲೇ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಕಾಣೆಯಾದದ್ದು ಪೇಪರಿನಲ್ಲಿತ್ತು. ಸಿಕ್ಕಿದ್ದು ನಾನು ನೋಡಿದ ಯಾವ ಪೇಪರಿನಲ್ಲೂ ಇರಲಿಲ್ಲ. ಅದಕ್ಕೇ ನಾನೇ ಬರೆದಿಡೋಣ ಅನಿಸಿತು.

ಅಂಗಡಿ ಲೆಕ್ಕದ ಉದ್ದನೆಯ ಪುಸ್ತಕ ತಂದೆ. ಎಡಗಡೆ ಪುಟಕ್ಕೆ ಸುದ್ದಿಯ ತುಣುಕು. ಬಲಗಡೆ ಪುಟ ಖಾಲಿ, ಮುಂದೆ ಏನಾಯಿತು ಅಂತ ಗೊತ್ತಾದಾಗ ಬರೆಯಲು. ಹುಡುಗನ ಎದುರಿನ ಪುಟದಲ್ಲಿ 'ಸಿಕ್ಕಿದ್ದಾನೆ' ಅಂತ ಒಂದೇ ಪದ ಬರೆದೆ.

ಶುರುವಿನಲ್ಲಿ ತಪ್ಪುಗಳಾದವು. ಮೈದಾ ಅಂಟು ಮಾಡಿ ಹಚ್ಚಿದೆ, ಮಳೆಗಾಲದಲ್ಲಿ ಜಿರಳೆ ತಿಂದು ಹಾಕಿದವು. ಈಗ ಗೋಂದಿನ ಬಾಟಲಿ ತರುತ್ತೇನೆ, ನಾಲ್ಕು ಮೂಲೆಗೆ ಮಾತ್ರ ಹಚ್ಚುತ್ತೇನೆ. ಇನ್ನೊಂದು, ತುಣುಕು ಕತ್ತರಿಸುವ ಮುಂಚೆಯೇ ಅದರ ಅಂಚಿನಲ್ಲಿ ತಾರೀಖು ಬರೆಯಬೇಕು. ಆ ಮೇಲೆ ಬರೆದರಾಯಿತು ಅಂತ ಬಿಟ್ಟು ಎಷ್ಟೋ ತುಣುಕುಗಳು ಯಾವ ವರ್ಷದವು ಅಂತಲೇ ತಿಳಿಯದೆ ಹೋದವು. ತಾರೀಖು ಇಲ್ಲದಿದ್ದರೆ 'ಆಮೇಲೆ' ಅನ್ನುವುದಕ್ಕೆ ಅರ್ಥವೇ ಇಲ್ಲ ಅಲ್ವಾ?

ದಿನಕ್ಕೆ ಒಂದೇ ತುಣುಕು. ಜಾಸ್ತಿ ಕತ್ತರಿಸಿದರೆ ಯಾವುದನ್ನೂ ಬೆನ್ನು ಹತ್ತಲು ಆಗುವುದಿಲ್ಲ. ದೊಡ್ಡ ದೊಡ್ಡ ಭಾಷಣಗಳನ್ನು ನಾನು ಮುಟ್ಟುವುದಿಲ್ಲ. ನಮ್ಮ ಮನೆ, ನಮ್ಮ ಓಣಿ, ನಮ್ಮ ಹೊಲಕ್ಕೆ ತಾಗುವಂಥದ್ದು ಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆ ಸುದ್ದಿ ಎಡಗಡೆ ಇದೆ. ಬಲಗಡೆ ನನ್ನ ಅವ್ವನ ಟಿಕೆಟ್ ಇದೆ. ಅವ್ವ ಸಿಂಧನೂರಿನ ಕಡೆಯ ಹಳ್ಳಿಯಲ್ಲಿರುತ್ತಾಳೆ. ಬಸ್ಸಿಗೆ ದುಡ್ಡು ಬೇಕಾದರೆ ತಮ್ಮನನ್ನು ಕೇಳಬೇಕಿತ್ತು, ಕೇಳಲು ಸಂಕೋಚ. ವರ್ಷಕ್ಕೆ ಒಮ್ಮೆ ಪಂಚಮಿಗೆ ಬಂದರೆ ಹೆಚ್ಚು. ಆ ತಿಂಗಳು ಯಾರಿಗೂ ಹೇಳದೆ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಶೇಂಗಾ ಹಿಂಡಿಯ ಡಬ್ಬಿ. 'ಸುಮ್ನ ನೋಡಾಕ ಬಂದೆ ಯವ್ವಾ' ಅಂದಳು. ಆ ಶೂನ್ಯ ಟಿಕೆಟನ್ನು ಅಂಟಿಸಿದ್ದೆ. ಕೆಲವೇ ತಿಂಗಳಲ್ಲಿ ಅದರ ಅಕ್ಷರ ಅಳಿಸಿ ಬಿಳಿ ಚೂರು ಉಳಿಯಿತು. ನೀವೂ ಬಸ್ ಟಿಕೆಟ್ ಇಡುವುದಾದರೆ ಅದರಲ್ಲಿರುವುದನ್ನು ಪಕ್ಕದಲ್ಲೇ ಪೆನ್ನಿನಿಂದ ಬರೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಬರೆದ ಪುಟ ತುಂಗಭದ್ರಾ ಜಲಾಶಯದ್ದು. 2024ರ ಆಗಸ್ಟ್ 10, ಶನಿವಾರ ರಾತ್ರಿ ನೀರು ಹೊರಗೆ ಬಿಡುವ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ನಮಗೆ ಗೊತ್ತಾಗಿದ್ದು ಫೋನಿನಲ್ಲಿ. ಬೆಳಗ್ಗೆ ನಮ್ಮ ಕೈಗೆ ಸಿಕ್ಕ ಪೇಪರಿನಲ್ಲಿ ಆ ಸುದ್ದಿ ಇನ್ನೂ ಬಂದಿರಲಿಲ್ಲ. ಆ ಗೇಟಿನ ಸುದ್ದಿಗೆ ಮಾತ್ರ ನಾನು ಹೊಸ ಪೇಪರನ್ನೇ ಕೊಂಡು ಓದಿದೆ.

ನಮ್ಮ ಕಡೆಯವರಿಗೆ ಆ ಡ್ಯಾಂ ಅಂದರೆ ಏನು ಅಂತ ಹೇಳಬೇಕು. ಎಡದಂಡೆ ಕಾಲುವೆಯ ನೀರಿನಿಂದಲೇ ಗಂಗಾವತಿಗೆ ಭತ್ತದ ಕಣಜ ಅನ್ನುವ ಹೆಸರು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ತುಂಬಿದರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ. ಆ ಸಲ ತುಂಬಿತ್ತು. ಉಳಿದ ಗೇಟುಗಳ ಮೇಲೆ ಭಾರ ಬೀಳದಂತೆ ಅವುಗಳನ್ನೂ ಎತ್ತಿ ಸುಮಾರು ಲಕ್ಷ ಕ್ಯೂಸೆಕ್ ನೀರು ನದಿಗೆ ಬಿಟ್ಟರು. ನಮ್ಮ ಮೈದುನ ಆಗಷ್ಟೇ ಮೂರು ಎಕರೆ ನಾಟಿ ಮಾಡಿಸಿದ್ದ. ಅಂಗಳದಲ್ಲಿ ಕೂತು, 'ಬ್ಯಾಸಿಗಿ ಬೆಳಿ ಹೋತು ವೈನಿ, ಇದಕ್ಕಾದರೂ ನೀರು ಸಾಕಾಗತದೋ ಇಲ್ಲೋ' ಅಂದ. ಅವನು ಅಂದು ಊಟ ಮಾಡಲಿಲ್ಲ.

ನಾನು ಅವತ್ತೇ ಬಲಗಡೆ ಬರೆದುಬಿಟ್ಟೆ. 'ಈ ವರ್ಷ ನಮ್ಮದು ಮುಗಿಯಿತು.'

ಆಮೇಲೆ ಏನಾಯಿತು? ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ರಭಸದಿಂದ ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು. ಐದು ಹಲಗೆ. ಗೇಟ್ ಹೋದ ಒಂದು ವಾರಕ್ಕೆ, ಆಗಸ್ಟ್ 17ರ ಹೊತ್ತಿಗೆ, ನೀರು ನಿಂತಿತು. ಸೆಪ್ಟೆಂಬರಿನಲ್ಲಿ ಮಳೆಗೆ ಜಲಾಶಯ ಮತ್ತೆ ತುಂಬಿತು. ಮೈದುನ ಎರಡನೇ ಬೆಳೆಯನ್ನೂ ಕೊಯ್ದ. ಆ ಭತ್ತದ ಒಂದು ತೆನೆಯನ್ನು ತಂದು, 'ಇದನ್ನೂ ಹಚ್ಚು ವೈನಿ' ಅಂತ ಕೊಟ್ಟ.

ನಾನು ಬರೆದ ಮೊದಲ ಸಾಲನ್ನು ಹೊಡೆದು ಹಾಕಲಿಲ್ಲ. ಆ ರಾತ್ರಿಯ ಭಯವೂ ನಿಜವೇ ಆಗಿತ್ತು. ಅಂದಿನಿಂದ ಬಲಗಡೆ ಪುಟದ ನಡುವೆ ಗೆರೆ ಎಳೆಯುತ್ತೇನೆ. ಮೇಲೆ ಸುದ್ದಿ ಓದಿದ ದಿನ ಅನಿಸಿದ್ದು, ಕೆಳಗೆ ಆಮೇಲೆ ಆದದ್ದು. ಗೇಟಿನ ಪುಟ ಇನ್ನೂ ಮುಗಿದಿಲ್ಲ. ಎಲ್ಲ 33 ಗೇಟುಗಳನ್ನೂ ಬದಲಿಸುವ ಸುದ್ದಿ ಬಂದಾಗ ಇನ್ನೊಂದು ಹಾಳೆ ಮಡಚಿ ಅಂಟಿಸಿದ್ದೇನೆ.

ಒಂದು ಸುದ್ದಿ ನನ್ನ ಕಸುಬನ್ನೇ ಬದಲಿಸಿತು. 2023ರ ಸೆಪ್ಟೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ತಿನ್ನುವ ಪದಾರ್ಥವನ್ನು ಪೇಪರಿನಲ್ಲಿ ಸುತ್ತಬೇಡಿ ಅಂತ ಹೇಳಿತು. ಅಚ್ಚಿನ ಶಾಯಿಯಲ್ಲಿ ಸೀಸದಂಥ ವಿಷವಿರಬಹುದು, ಅದು ಊಟಕ್ಕೆ ಇಳಿಯಬಹುದು. 2018ರ ನಿಯಮದಲ್ಲೇ ಇದು ಇತ್ತಂತೆ. ನನಗೆ ಸಂಕಟವಾಯಿತು. ಬಾಣಂತಿಯರಿಗೆ, ಹಾಸ್ಟೆಲ್ ಮಕ್ಕಳಿಗೆ ನಾನು ರೊಟ್ಟಿ ಕೊಟ್ಟಿದ್ದೆ. ಮರುದಿನವೇ ಅಚ್ಚಿಲ್ಲದ ಬಿಳಿ ಹಾಳೆ ತಂದೆ. ರೊಟ್ಟಿಯ ಒಂದು ಕಟ್ಟಿನ ಮೇಲೆ ಎರಡು ರೂಪಾಯಿ ಹೆಚ್ಚಿಗೆ ಕೇಳಿದಾಗ ಕಾರಣ ತಿಳಿಸಿದೆ, ಆ ತುಣುಕನ್ನೂ ತೋರಿಸಿದೆ. ಇಬ್ಬರು ಮಾತ್ರ ಬರುವುದು ಬಿಟ್ಟರು.

ರದ್ದಿ ಪೇಪರ್ ಈಗಲೂ ತರಿಸುತ್ತೇನೆ, ಓದಲು ಮಾತ್ರ. ಹೊಸದು ಓದಿದರೆ ನನಗೆ ಅವಸರವಾಗುತ್ತದೆ. ಹಳೆಯದರಲ್ಲಿ ಉತ್ತರ ಹುಡುಕಲು ಪುರುಸೊತ್ತು ಇರುತ್ತದೆ. ಸಂಜೆ ಬಂಡೆ ಒರೆಸಿ, ಹಿಟ್ಟಿನ ಕೈ ತೊಳೆದು, ಅರ್ಧ ಗಂಟೆ ಅದರ ಮುಂದೆ ಕೂರುತ್ತೇನೆ.

ಈಗ ಮೂರನೇ ಪುಸ್ತಕ ನಡೆದಿದೆ. ಬಲಗಡೆ ಪುಟಗಳಲ್ಲಿ ನಲವತ್ತಕ್ಕಿಂತ ಜಾಸ್ತಿ ಖಾಲಿ ಇವೆ. ಅವುಗಳಲ್ಲಿ ಒಂದು ಅವ್ವನ ದಾರಿಯಲ್ಲಿರುವ ಹಳ್ಳಿಯದು. ಬಸ್ ನಿಲ್ದಾಣಕ್ಕೆ ನೆರಳಿಲ್ಲ, ಶಾಲೆ ಮಕ್ಕಳು ಬಿಸಿಲಿನಲ್ಲಿ ನಿಲ್ಲುತ್ತಾರೆ, ಬೇಗ ಕಟ್ಟಿಸುತ್ತೇವೆ ಅಂತ ಹೇಳಿದ್ದಾರೆ ಅನ್ನುವ ನಾಲ್ಕು ಸಾಲಿನ ಸುದ್ದಿ. ಕಟ್ಟಿಸಿದ್ದಾರಾ ಅಂತ ಕಿಟಕಿಯಿಂದ ನೋಡಿಕೊಂಡು ಬಾ ಅಂತ ಅವ್ವನಿಗೆ ಹೇಳಿದ್ದೇನೆ. ಈ ಸಲ ಅವಳು ಪಂಚಮಿಗಿಂತ ಮುಂಚೆಯೇ ಬರುತ್ತಾಳೆ.